ಸಿದ್ದಯ್ಯ ಮೇಷ್ಟ್ರ ಹತ್ತು ಮಟ್ಟು

ಗುಬ್ಬಿಯ ಸಿದ್ದಯ್ಯ ಮೇಷ್ಟ್ರು ಹೆಬ್ಬೂರಿನ ಆಸುಪಾಸಿನ ಹಳ್ಳಿಗಳಿಗೆ ನಾಟಕ ಕಲಿಸುತ್ತಾ ಮೂವತ್ತೆಂಟು ವರ್ಷ ಕಳೆದವರು. ನಮ್ಮೂರಲ್ಲಿ ರಾಗಿ ಬೆಳೆಯುವವರು, ಫ್ಯಾಕ್ಟರಿಗೆ ಹೋಗುವವರು ಎಲ್ಲ ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತೇವೆ. ಬೇರೆ ಮೇಷ್ಟ್ರುಗಳು ಪಾತ್ರ ಕೊಡುವ ಮುಂಚೆ ಹಾಡಿಸಿ ನೋಡುತ್ತಾರೆ. ಇವರು ಹಾಡಿಸುತ್ತಿರಲಿಲ್ಲ, ಕೇಳಿಸುತ್ತಿದ್ದರು. ಹಾರ್ಮೋನಿಯಂನಲ್ಲಿ ಹಾಡಿನ ಒಂದೇ ಮಟ್ಟನ್ನು ಎರಡು ಸಲ ನುಡಿಸುವುದು. ಒಂದು ಸಲ ಸರಿಯಾಗಿ, ಇನ್ನೊಂದು ಸಲ ಎಲ್ಲೋ ಒಂದು ಸ್ವರ ಕೆಡಿಸಿ. ಯಾವುದು ಚೆಂದ ಅಂತ ನಾವು ಹೇಳಬೇಕು. ಹತ್ತು ಮಟ್ಟು, ಹತ್ತು ನಂಬರು. ಬಂದ ನಂಬರನ್ನು ಸಮುದಾಯ ಭವನದ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಹೆಸರಿನ ಮುಂದೆ ಬರೆಯುತ್ತಿದ್ದರು.

ಮೊದಲ ವರ್ಷ ನನಗೆ ಬಂದಿದ್ದು ಮೂರು.

"ಗಂಗಾಧರ, ನಿಂಗೆ ಗದೆ ಇಲ್ಲ ಕಣಪ್ಪ. ದ್ವಾರಪಾಲಕ ಮಾಡು."

"ಈ ಊರಲ್ಲೇ ಗಟ್ಟಿ ಆಳು ನಾನು! ಗದೆ ಎತ್ತಾಕೆ ಕಿವಿ ಯಾಕೆ ಮೇಷ್ಟ್ರೇ?"

"ಎತ್ತಾಕೆ ಬ್ಯಾಡ, ನಿಲ್ಸಾಕೆ ಬೇಕು. ತಾಳ ಎಲ್ಲಿ ಮುಗೀತದೆ ಅಂತ ತಿಳೀದೋನು ಎದುರಿಗಿರೋನ ತಲೆ ಹೊಡೀತಾನೆ."

ಕುರ್ಚಿ ಒದ್ದು ಮನೆಗೆ ಬಂದೆ. ಆ ವರ್ಷ ಎರಡೇ ನಂಬರು ಬಂದವನೊಬ್ಬ ಹಠ ಮಾಡಿ ಗದೆ ಹಿಡಿದ. ಎದುರಾಳಿಯ ಹಣೆಗೆ ಐದು ಹೊಲಿಗೆ ಬಿತ್ತು. ಮಾರನೇ ವರ್ಷದಿಂದ ನಾನು ಬಾಯಿ ಮುಚ್ಚಿಕೊಂಡು ಕೇಳತೊಡಗಿದೆ. ಆರನೇ ವರ್ಷಕ್ಕೆ ಏಳು ಬಂತು, ಗದೆಯೂ ಬಂತು. ಹಾಗಂತ ಅವರ ಲೆಕ್ಕ ಯಾವಾಗಲೂ ಸರಿಹೋಗುತ್ತಿರಲಿಲ್ಲ. ನಮ್ಮ ಸಂಗಮೇಶನಿಗೆ ಹೋದ ವರ್ಷದವರೆಗೂ ನಾಲ್ಕು ದಾಟಿದ್ದೇ ಇಲ್ಲ. ಆದರೆ ಅವನು ವಾರದಲ್ಲಿ ಇಡೀ ನಾಟಕ ಬಾಯಿಪಾಠ ಮಾಡುತ್ತಾನೆ, ಹಾರ್ಮೋನಿಯಂ ಮನೆಗಳನ್ನೂ ಹಾಗೇ ಬಾಯಿಪಾಠ ಮಾಡಿ ನುಡಿಸುತ್ತಾನೆ. ಟೀ ಮಾಡುವ ಕದರಮ್ಮನಿಗೆ ಪ್ರತಿ ಸಲ ಹತ್ತಕ್ಕೆ ಹತ್ತು. ಅವಳು ಒಂದು ಸಾಲೂ ಹಾಡಿದವಳಲ್ಲ.

ಈ ವರ್ಷ ತಾಲೀಮಿನ ಮೊದಲ ಭಾನುವಾರ ಬೆಳಿಗ್ಗೆ ಸಂಗಮೇಶನೂ ಸೇರಿ ಎಲ್ಲರಿಗೂ ಎಂಟು, ಒಂಬತ್ತು ಬಂತು. ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವುದು ನಮಗೆ ಅಷ್ಟು ರೂಢಿಯಾಗಿತ್ತು. ಕದರಮ್ಮ ಟೀ ಲೋಟದ ತಟ್ಟೆ ಕೆಳಗಿಟ್ಟಳು.

"ಮೇಷ್ಟ್ರೇ, ಎರಡು ಸಲಾನೂ ತಪ್ಪೇ ನುಡಿಸಿದ್ರಲ್ಲ."

ನನಗೆ ರೇಗಿತು. "ಸುಮ್ಕೆ ಟೀ ಕೊಡಕ್ಕ! ಮೇಷ್ಟ್ರಿಗೇ ಹೇಳ್ಕೊಡಾಕೆ ಬಂದವ್ಳೆ."

"ನನ್ ಮೇಲೆ ಯಾಕ್ಲಾ ಹಾರಾಡ್ತೀಯ? ಕೇಳಿಸ್ತು, ಹೇಳ್ದೆ."

ಅವಳ ಬಾಯಿ ಮುಚ್ಚಿಸಬೇಕು ಅಂತ ನಾನೇ ಸಂಗಮೇಶನನ್ನು ಹಾರ್ಮೋನಿಯಂ ಮುಂದೆ ಕೂರಿಸಿದೆ. ಅವನು ನುಡಿಸಲಿ, ಮೇಷ್ಟ್ರು ಹೇಳಲಿ, ಕದರಮ್ಮ ನೋಡಲಿ.

"ಬ್ಯಾಡ ಬುಡು ಗಂಗಾಧರ," ಅಂದರು ಮೇಷ್ಟ್ರು. ಅವರ ಮುಖ ಬಿಳಿಚಿಕೊಂಡಿದ್ದು ಕಂಡಿತು. ಆದರೂ ನಾನು ಬಿಡಲಿಲ್ಲ.

ಮೇಷ್ಟ್ರಿಗೆ ಮೂರು ಬಂತು.

"ಮೇಷ್ಟ್ರೂ ದ್ವಾರಪಾಲಕ್ರೇ ಬುಡಿ," ಅಂದ ಹಿಂದಿನಿಂದ ಯಾರೋ. ಒಬ್ಬರೂ ನಗಲಿಲ್ಲ. ಮೇಷ್ಟ್ರು ಎದ್ದು ಗೋಡೆ ಮೇಲೆ ತಮ್ಮ ಹೆಸರು ಬರೆದು, ಮುಂದೆ ಮೂರು ಅಂತ ಹಾಕಿ, ಕೈ ಒರೆಸಿಕೊಂಡು ಹೊರಗೆ ಹೋದರು.

ನಾನು ಹಿಂದೆಯೇ ಹೋದೆ. "ತುಮಕೂರಲ್ಲಿ ಕಿವಿ ಡಾಕ್ಟ್ರಿಗೆ ತೋರ್ಸಾನ ಮೇಷ್ಟ್ರೇ."

"ತೋರ್ಸ್ಕೊಂಡು ಬಂದೆ. ಕಿವಿ ಚೆನ್ನಾಗೈತೆ." ಮೆಟ್ಟಿಲ ಮೇಲೆ ಕೂತು ಹೇಳಿದರು: "ನಮ್ಮಪ್ಪನೂ ಹಾರ್ಮೋನಿಯಂನೋರು. ಮೊದ್ಲು ಇದೇ ಹೋಯ್ತು ಅವ್ರಿಗೆ, ಯಾವ್ದು ಚೆಂದ ಅನ್ನೋದು. ಆಮೇಲೆ ಮನೆ ದಾರಿ ಮರ್ತ್ರು. ಆಮೇಲೆ ನಮ್ಮನ್ನೂ. ಹತ್ತು ಮಟ್ಟು ನಿಮಗೋಸ್ಕರ ಅಂದ್ಕೊಂಡ್ರೇನ್ಲಾ? ವರ್ಷಾ ವರ್ಷಾ ನನ್ನ ನಾನೇ ನೋಡ್ಕೊಳ್ತಿದ್ದೆ."

ಗುಬ್ಬಿಗೆ ಬಿಡ್ತೀನಿ ಬನ್ನಿ ಅಂತ ಬೈಕ್ ತೆಗೆದೆ.

ಮಧ್ಯಾಹ್ನದ ಬಿಸಿಲಲ್ಲಿ ಗುಬ್ಬಿ ಸೇರಿದೆವು. ಅವರ ಮನೆಯ ಬೀದಿ ಬಂದಾಗ ಬೇಕಂತಲೇ ತಿರುಗಿಸದೆ ಗಾಡಿಯನ್ನು ಮೆಲ್ಲಗೆ ಬಿಟ್ಟೆ. ಈಗ ಬೈತಾರೆ, ಬೆನ್ನಿಗೆ ಗುದ್ದುತ್ತಾರೆ ಅಂತ ಕಾದೆ. ಬೀದಿ ಹಿಂದೆ ಹೋಯಿತು. ಬೀದಿ ಮೂಲೆಯಲ್ಲೇ ಇದ್ದ ಅವರ ಮನೆ ಬಾಗಿಲಲ್ಲಿ ನಿಂತಿದ್ದ ಸೊಸೆ ನಮ್ಮತ್ತ ಕೈ ಎತ್ತಿದಳು. ಮೇಷ್ಟ್ರು ನನ್ನ ಹೆಗಲು ಹಿಡಿದು, ಬೇರೆಯವರ ಊರಿಗೆ ಬಂದ ನೆಂಟನ ಹಾಗೆ ಎರಡೂ ಕಡೆ ನೋಡುತ್ತಾ ಕೂತಿದ್ದರು.

"ಇನ್ನೆಷ್ಟು ದೂರ ಐತಪ್ಪ?" ಅಂದರು.