ನೀರಿನ ಕಡೆಗೆ "ಬಂದೆ" ಎಂದ ಸಂಜೆ

ದೆವ್ವ ಭೂತದ ಮಾತೆತ್ತಿದವರನ್ನು ನಾನು ಯಾವಾಗಲೂ ಗೇಲಿ ಮಾಡಿದವನೇ. ಹಗ್ಗ ಕಂಡು ಹಾವೆಂದು ಬೆದರುವ ಜನ ಎಂದು ತಳ್ಳಿಹಾಕುತ್ತಿದ್ದೆ. ಇದನ್ನು ಓದಿದ ಮೇಲೆ ನೀವು ನನ್ನನ್ನೂ ಹಾಗೆಯೇ ತಳ್ಳಿಹಾಕಿದರೆ ಬೇಸರವಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ, ಅಷ್ಟೇ.

ನಾವು ಮೂಲತಃ ಧಾರವಾಡದ ಕಡೆಯವರು. ನೌಕರಿ ಇದ್ದಷ್ಟು ಕಾಲವೂ ಮುಂಬಯಿಯ ಘಾಟ್ಕೋಪರಿನಿಂದ ಲೋಕಲ್ ರೈಲು ಹಿಡಿದು ಫೋರ್ಟಿಗೆ ಹೋಗಿ ಬಂದೆ. ಸಮುದ್ರವನ್ನು ಆಫೀಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ನಿವೃತ್ತಿಯಾದ ಮೇಲೆ ಹಾಯಿದೋಣಿ ನಡೆಸುವುದನ್ನು ಕಲಿಯಲು ಸೇರಿದೆ. ಬಿಲ್ಡಿಂಗಿನವರು ನಕ್ಕರು. ಹೆಂಡತಿ ಸುಮಿತ್ರಾ, "ಅರವತ್ತಕ್ಕ ಅರಳು ಮರಳು ಅಂತ ಹಿರಿಯರು ಸುಮ್ನ ಅಂದಿಲ್ಲ" ಎಂದಳು. ಎದುರು ಗಾಳಿಗೆ ದೋಣಿ ನೇರವಾಗಿ ಹೋಗುವುದಿಲ್ಲ, ಓರೆಯಾಗಿ ಆಚೆ ಈಚೆ ತಿರುಗಿಸಿಕೊಂಡೇ ಮುಂದೆ ಸಾಗಬೇಕು ಎನ್ನುವುದು ನನ್ನ ತಲೆಗೆ ಹತ್ತಲು ಒಂದಿಡೀ ಚಳಿಗಾಲ ಹಿಡಿಯಿತು. ಹತ್ತಿದ ಮೇಲೆ ಬೇರೆ ಏನೂ ರುಚಿಸಲಿಲ್ಲ.

ಸಣ್ಣ ಕ್ಯಾಬಿನ್ ಇರುವ ಹಳೆಯ ದೋಣಿಯೊಂದನ್ನು ಕೊಂಡು, ಮಳೆಗಾಲ ಮುಗಿದಾಗಿನಿಂದ ಹೋಳಿ ಹುಣ್ಣಿಮೆಯವರೆಗೆ ಅದರಲ್ಲೇ ವಾಸ ಮಾಡಬೇಕು, ಕೊಂಕಣದ ಕರಾವಳಿಗುಂಟ ತಿರುಗಬೇಕು ಎಂಬ ಆಸೆ ಹುಟ್ಟಿತು. ಸುಮಿತ್ರಾಗೆ ಈಜು ಬಾರದು, ನೀರೆಂದರೆ ಹೆದರಿಕೆ. ಅವಳು ಬಾರದಿದ್ದರೆ ಒಬ್ಬನೇ ಹೋಗುತ್ತೇನೆಂದು ನಾನು ಹಟ ಹಿಡಿದೆ. ಮನೆಯಲ್ಲಿ ಮಾತುಕತೆ ನಿಂತಿತು. ಕೊನೆಗೆ ಅವಳೇ, ಒಮ್ಮೆ ಬಂದು ಇದ್ದು ನೋಡುತ್ತೇನೆ, ಹೌದೋ ಅಲ್ಲವೋ ಆಮೇಲೆ ಹೇಳುತ್ತೇನೆ ಎಂದಳು.

ದೀಪಾವಳಿ ಕಳೆದ ಮೇಲೆ, ನಾವು ಕೊಳ್ಳಬೇಕೆಂದಿದ್ದ ದೋಣಿಯಲ್ಲೇ ಹೊರಟೆವು. ನನಗೆ ಕಲಿಸಿದ ಮರಾಠಿ ಗೃಹಸ್ಥರು, ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ ಹಿರಿಯರು, ತಮ್ಮ ದೋಣಿಯಲ್ಲಿ ಜತೆಗೆ ಬಂದರು. ಸುಮಿತ್ರಾ ಖಡಕ್ ಜೋಳದ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಸಣ್ಣ ಕುಕ್ಕರ್ ಎಲ್ಲ ಕಟ್ಟಿಕೊಂಡಿದ್ದಳು. ಒಲ್ಲೆ ಎನ್ನುವವಳು ತಿಂಗಳಿಟ್ಟರೂ ಕೆಡದ ರೊಟ್ಟಿ ತರುತ್ತಾಳೆಯೇ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಕೊಲ್ಲಿಯ ಆಚೆ ದಡದ ಮಾಂಡ್ವಾದ ಈಚೆಗೆ ಲಂಗರು ಹಾಕುವಾಗ ಹೊತ್ತು ಮುಳುಗಿತ್ತು. ಮುಂಬಯಿಯ ಮೇಲೆ ಹೊಗೆ ಮಂಜು ಕವಿದು ಊರಿನ ದೀಪಗಳೇ ಕಾಣುತ್ತಿರಲಿಲ್ಲ. ಕ್ಯಾಪ್ಟನ್ನರ ದೋಣಿ ಕೂಗಳತೆಯಲ್ಲಿತ್ತು. ಸುಮಿತ್ರಾ ಕ್ಯಾಬಿನ್ನಿನೊಳಗೆ ಚಹಾಕ್ಕೆ ಇಟ್ಟಿದ್ದಳು. ನಾನು ಹೊರಗೆ ಹಾಯಿ ಮಡಚಿ ಕಟ್ಟುತ್ತಿದ್ದೆ.

"ರೀ, ಇಲ್ಲಿ ಬರ್ರಿ."

ಹೆಂಡತಿಯ ದನಿ. ಗಂಡನ ಹೆಸರು ಹಿಡಿಯದ ಹೆಂಗಸರ "ರೀ" ಎಲ್ಲ ಒಂದೇ ಎಂದು ಬೇರೆಯವರಿಗೆ ಅನ್ನಿಸಬಹುದು. ಆದರೆ ತುಂಬಿದ ಸಂತೆಯಲ್ಲಿ ಕೇಳಿದರೂ ತನಗೆ ಬಂದ "ರೀ" ಯಾವುದೆಂದು ಗಂಡನಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಅನ್ನುವ ಹಾಗೆಯೇ "ಬಂದೆ" ಎಂದೆ. ಹೊರಡುವ ಮೊದಲೇ ಬಂದೆ ಎಂದುಬಿಡುವುದು ನಮ್ಮ ಮಾತಿನ ರೂಢಿ. ಕೆಲಸ ಬಿಟ್ಟು ನಡೆದೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದಾಗಲೇ ಎಚ್ಚರವಾದದ್ದು. ನಾನು ಕ್ಯಾಬಿನ್ನಿನ ಕಡೆ ಹೋಗಿರಲಿಲ್ಲ. ದೋಣಿಯಂಚಿನ ತಂತಿಯ ಆಚೆಗೆ ನನ್ನ ಒಂದು ಕಾಲು ಇತ್ತು. ಕೆಳಗೆ ನೀರು.

ಅಂಗಿ ಹಿಡಿದವಳು ಸುಮಿತ್ರಾ.

"ಎಲ್ಲಿ ಹೊಂಟಿದ್ರಿ?"

"ನೀನ ಕರದಿ ಅಲ್ಲ?"

"ನಾ ಕರದಿಲ್ರೀ." ಅವಳು ಅಂಗಿ ಬಿಟ್ಟಿರಲಿಲ್ಲ. "ನನಗೂ ಕೇಳಿಸ್ತು. ನನ್ನ ದನೀನ. ಅಕ್ಕಗ ಫೋನಿನಾಗ ಮಾತು ರೆಕಾರ್ಡ್ ಮಾಡಿ ಕಳಸ್ತೀನಲ್ಲ, ಅದನ್ನ ತಿರುಗಿ ಕೇಳಿದ್ರ ಹೆಂಗ ಇರತದೋ ಹಂಗ ಇತ್ತು."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಬ್ಬರ ಫೋನನ್ನೂ ಚೀಲದಿಂದ ತೆಗೆದು ನೋಡಿದೆ. ಎರಡೂ ಬಂದ್ ಮಾಡಿಟ್ಟಂತೆಯೇ ಇದ್ದವು. ಕ್ಯಾಪ್ಟನ್ನರನ್ನು ಕೂಗಿ ಕೇಳಿದರೆ ಅವರಿಗೆ ಏನೂ ಕೇಳಿಸಿರಲಿಲ್ಲ. "ಪಾನಿ ಪರ್ ಆವಾಜ್ ದೂರ್ ಸೆ ಆತೀ ಹೈ. ಕೋಯಿ ಲಾಂಚ್ ಹೋಗಾ" ಎಂದರು. ಇರಬಹುದು. ನೀರಿನ ಮೇಲೆ ದನಿ ದೂರದಿಂದಲೂ ಬರುತ್ತದಂತೆ. ದೂರದ ಯಾವುದೋ ಮೋಟಾರು ಲಾಂಚಿನಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಗಂಡನನ್ನು ಕರೆದಿರಬಹುದು. ಆದರೆ ಇಂಜಿನ್ನಿನ ಸದ್ದು ನಮ್ಮಿಬ್ಬರಿಗೂ ಕೇಳಿರಲಿಲ್ಲ. ಆ ರಾತ್ರಿ ಸುಮಿತ್ರಾ ನನ್ನ ಅಂಗಿಯ ತುದಿಯನ್ನು ಕೈಗೆ ಸುತ್ತಿಕೊಂಡೇ ಮಲಗಿದಳು.

ಮರುದಿನ ಲೋಕಲಿನಲ್ಲಿ ಮನೆಗೆ ಹೊರಟೆವು. ದೋಣಿಯ ಆಸೆಗೆ ಎಳ್ಳುನೀರು ಬಿಟ್ಟಂತೆಯೇ ಎಂದುಕೊಂಡೆ. ನಮ್ಮ ಸ್ಟೇಷನ್ ಹತ್ತಿರ ಬಂದಾಗ ಅವಳೇ ಬಾಯಿ ತೆರೆದಳು.

"ದೋಣಿ ತಗೋರಿ. ನಾನೂ ಬರ್ತೀನಿ."

"ಹೆದರಿಕಿ ಹೋತೇನು?"

"ಹೆಚ್ಚಾಗೇದ. ಅದಕ್ಕ ಬರ್ತೀನಿ. ನನ್ನ ದನ್ಯಾಗ ಕರದ್ರ ನೀವು ಹೋಗೇ ಬಿಡ್ತೀರಿ. ನಿಮ್ಮನ್ನ ಒಬ್ಬರನ್ನ ಬಿಡಂಗಿಲ್ಲ."

ಆಮೇಲೆ ಎಷ್ಟೋ ಚಳಿಗಾಲಗಳನ್ನು ಆ ದೋಣಿಯಲ್ಲೇ ಕಳೆದಿದ್ದೇವೆ. ಆ ದನಿ ಮತ್ತೆ ಕೇಳಿಲ್ಲ. ಇಂಥದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ ಎಂದು ಇವತ್ತಿಗೂ ಹೇಳುತ್ತೇನೆ. ಆದರೂ ಈಗ ಸುಮಿತ್ರಾ ಕ್ಯಾಬಿನ್ನಿನಿಂದ "ರೀ" ಎಂದರೆ ನಾನು ಓಗೊಡುವುದಿಲ್ಲ. ಎದ್ದು ಹೋಗಿ, ಅವಳ ಮುಖ ನೋಡಿ, ಆಮೇಲೆಯೇ "ಬಂದೆ" ಎನ್ನುತ್ತೇನೆ. ಅವಳೂ ಅಲ್ಲಿಯವರೆಗೆ ಕಾಯುತ್ತಾಳೆ. ಆದರೆ ಆ ಸಂಜೆಯ "ಬಂದೆ" ಬಾಯಿಂದ ಹೋದದ್ದು ಹೋಯಿತು. ಅದನ್ನು ಯಾರಿಗೆ ಹೇಳಿದೆನೋ ನನಗೆ ಗೊತ್ತಿಲ್ಲ, ಕರೆದವರ ಹತ್ತಿರ ನಾನಿನ್ನೂ ಹೋಗಿಲ್ಲ.