ಅಕ್ಕೋರು ಮುಟ್ಟದ ಬಟ್ಟಲು

ನಿನ್ನೆ ಕೆಳಗಿನ ಮನೆಯಲ್ಲಿ ಯಾರೋ ಕಪ್ಪು ದ್ರಾಕ್ಷಿ ಕುದಿಸುತ್ತಿದ್ದರು. ಮೆಟ್ಟಿಲ ಮೇಲೆ ಆ ಹುಳಿಸಿಹಿ ವಾಸನೆ ಬಂತು. ನಾನು ತರಕಾರಿ ಚೀಲ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತೆ. ಮನೆಗೆ ಬಂದು ಐದನೆಯ ತರಗತಿಯಲ್ಲಿ ಶುರು ಮಾಡಿದ ಡೈರಿ ಹುಡುಕಿ ತೆಗೆದೆ. ಅದರ ಕೊನೆಯ ಪುಟದಲ್ಲಿ ಹದಿನಾಲ್ಕು ಸೊನ್ನೆಗಳಿವೆ.

ಆಗ ನಾವು ಕೂಕಟ್‌ಪಲ್ಲಿಯಲ್ಲಿದ್ದೆವು. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನೌಕರರು. ಭಾನುವಾರ ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಮ್ಮ ಕನ್ನಡದ ಆರಾಧನೆ. ಅವರದು ಮುಗಿಯುವವರೆಗೆ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್. ಕಲಿಸುತ್ತಿದ್ದವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಗದಗಿನ ಕಡೆಯವರು, ಅರವತ್ತರ ಹತ್ತಿರದವರು, ಒಬ್ಬರೇ ಇದ್ದರು. ಹಾಜರಿ ಬರೆಯುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ.

ಒಂದು ಭಾನುವಾರ ನಾನು ಹಾಜರಿಯ ಮೊತ್ತ ಹಾಕುತ್ತಿದ್ದಾಗ ಅಕ್ಕೋರು, "ರಕ್ಷಣೆಗೆ ಏನೇನು ಬೇಕು, ನೀ ಹೇಳು" ಎಂದರು. ಅವರು ಕೇಳಿದ್ದು ಪಾಪದಿಂದ ಸಿಗುವ ರಕ್ಷಣೆ; ಅರ್ಧ ಕೇಳಿಸಿಕೊಂಡ ನನಗೆ ಹೊಳೆದದ್ದು ಅಪ್ಪನ ಕಾರ್ಖಾನೆ. "ಗೇಟ್ ಪಾಸ್ ಬೇಕ್ರಿ" ಎಂದುಬಿಟ್ಟೆ.

ಅಕ್ಕೋರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೋರ್ಡಿನ ಮೇಲೆ, ಒಂದು ನಂಬಿಕೆ, ಎರಡು ವಿಧೇಯತೆ ಎಂದು ಬರೆದು, ಮೂರು ಎಂದು ಹಾಕಿ ತಿರುಗಿದರು.

"ಅಲ್ಲಾ, ಆ ಪಾಸ್ ಯಾರು ಬರಕೊಡ್ತಾರ?"

"ಒಳಗಿನವರು ಕೊಡಬೇಕ್ರಿ. ಹೊರಗ ನಿಂತವರು ಕೇಳಬೇಕಷ್ಟ."

ಅವರ ನಗು ನಿಂತಿತು. ಮೂರರ ಮುಂದೆ ಏನೂ ಬರೆಯದೆ ಪಾಠ ಮುಗಿಸಿದರು. ಡೈರಿಯಲ್ಲಿ ನಾನೂ ಮೂರನೆಯ ಸಾಲು ಖಾಲಿ ಬಿಟ್ಟೆ. ಖಾಲಿ ಸಾಲು ಎಂದರೆ ನನಗೆ ಆಗುತ್ತಿರಲಿಲ್ಲ...

ಅವರ ಬಗ್ಗೆ ನನ್ನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ತಿಂಗಳ ಮೊದಲ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ಅದರ ದ್ರಾಕ್ಷಾರಸವನ್ನು ಕುದಿಸಿ ಸೋಸಿ ತರುತ್ತಿದ್ದವರು ಅಕ್ಕೋರೇ. ಆದರೆ ಎಲ್ಲರೂ ಎದ್ದು ಬಟ್ಟಲಿನ ಮುಂದೆ ಮೊಣಕಾಲೂರಿದಾಗ ಅವರು ಮಾತ್ರ ಬೆಂಚಿನಲ್ಲೇ ಉಳಿಯುತ್ತಿದ್ದರು. ಹಾಗೆ ಉಳಿದಾಗಲೆಲ್ಲ ನಾನೊಂದು ಸೊನ್ನೆ ಹಾಕುತ್ತಿದ್ದೆ. ಪಾಸಿನ ಮಾತಾದ ಮರುವಾರ ಆ ಪುಟ ಅವರಿಗೆ ತೋರಿಸಿ ಯಾಕೆಂದು ಕೇಳಿದೆ.

"ಎಣಸಾಕತ್ತೀ ಏನು? ಆಡಿಟ್‌ನ್ಯಾಕಿ ಬಂದ್ಲು ನೋಡ್ರಪಾ!" ಎಂದರು. ಆಮೇಲೆ ಕೂತು ಹೇಳಿದರು. ಅವರ ತಂಗಿ ಅದೇ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿದ್ದಳು. ಚರ್ಚಿನ ಸಭೆಯ ಹೊರಗಿನವನನ್ನು ಮದುವೆಯಾಗಿದ್ದಳು. ಮದುವೆಗೆ ಹೋಗಬಾರದೆಂದು ಸಭೆಯ ಹಿರಿಯರು ಹೇಳಿದ್ದರು, ಅಕ್ಕೋರು ಹೋಗಲಿಲ್ಲ.

"ನಂಬೀನಿ. ಹೇಳಿದ್ದು ಕೇಳೀನಿ. ಆಕಿ ಬಂದ್ರ ಕ್ಷಮಾ ಮಾಡ್ತೀನಿ ಅಂತ ಇಷ್ಟು ವರ್ಷ ಕುಂತಿದ್ದೆ. ಆಕಿ ಸಂಗಡ ಸರಿ ಆಗೂತನಕ ಬಟ್ಟಲ ಹೆಂಗ ಮುಟ್ಟಲಿ?" ಡೈರಿ ನನ್ನ ಕೈಗೆ ಕೊಟ್ಟು ಅಂದರು: "ಹೊರಗ ನಿಂತಾಕಿ ನಾನು ಅಂತ ಈಗ ತಿಳೀತು. ಕ್ಷಮಾ ಕೇಳಬೇಕಾದಾಕಿ ನಾನು."

ಅವರು ಉಪ್ಪಲ್‌ಗೆ ಮೂರು ಸಲ ಹೋದರು. ಮೊದಲ ಎರಡು ಸಲ ಬಾಗಿಲು ತೆರೆಯಲಿಲ್ಲ. "ಇಂಟ್ಲೋ ಎವರೂ ಲೇರು, ಮನ್ಯಾಗ ಯಾರೂ ಇಲ್ಲ ಅಂತ ಒಳಗಿಂದ ತೆಲುಗಿನಾಗ ಕೂಗ್ಯಾಳ! ನನ್ನ ತಂಗಿ ದನಿ ನನಗ ತಿಳಿಯಂಗಿಲ್ಲೇನು?" ಎಂದು ನಮ್ಮೆದುರು ನಕ್ಕರು. ಆ ನಗು ಬಹಳ ಹೊತ್ತು ಇರಲಿಲ್ಲ. ಮೂರನೆಯ ಸಲ ಬಾಗಿಲು ತೆರೆಯಿತು. ಅಕ್ಕೋರು ಬಾಯಿ ಬಿಡುವ ಮೊದಲೇ ತಂಗಿ, "ಚಪ್ಲಿ ಒಳಗ ತಗೊಂಡು ಬಾ, ನಾಯಿ ಒಯ್ತಾವ" ಎಂದಳಂತೆ. ಅಕ್ಕೋರು ಚಪ್ಪಲಿ ಕೈಯಲ್ಲಿ ಹಿಡಿದೇ ಕ್ಷಮೆ ಕೇಳಿದರಂತೆ.

ಮುಂದಿನ ತಿಂಗಳು ಮೊದಲ ಭಾನುವಾರ ಅವರು ಬೆಂಚಿನಿಂದ ಎದ್ದರು. ನಾನು ಸೊನ್ನೆಗಳ ಕೆಳಗೆ ಒಂದು ಗೆರೆ ಎಳೆದು ಆ ಲೆಕ್ಕ ಮುಗಿಸಿದೆ.

ಎರಡು ವರ್ಷದ ಹಿಂದೆ ಅಕ್ಕೋರು ತೀರಿಕೊಂಡರು. ಮಣ್ಣಿನ ದಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ತಂಗಿ ನನ್ನನ್ನು ಕರೆದರು. "ಲೆಕ್ಕ ಇಡೋ ಹುಡುಗಿ ನೀನಲ್ಲಾ? ನನ್ನ ಸಲುವಾಗಿ ಅಕ್ಕ ಎಷ್ಟು ಸಲ ಆ ಬಟ್ಟಲ ಬಿಟ್ಟಳವಾ?"

"ನೆನಪಿಲ್ರಿ" ಎಂದೆ.

ನಿನ್ನೆ ಡೈರಿ ಮುಚ್ಚಿ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ವಾಸನೆ ಇರಲಿಲ್ಲ. ಮೂರನೆಯ ಸಾಲು ಇನ್ನೂ ಖಾಲಿಯೇ ಇದೆ. ಅದನ್ನು ಬರೆಸಲು ಈಗ ಅಕ್ಕೋರಿಲ್ಲ...