ಕಿಟಕಿ ಎಲ್ಲಿಡಲಿ?

ನಮ್ಮ ಭಾವ ಹತ್ತೊಂಬತ್ತನೇ ವಯಸ್ಸಿನಿಂದ ಒಬ್ಬ ಆರ್ಕಿಟೆಕ್ಟ್ ಕೈಕೆಳಗೆ ನಕ್ಷೆ ಬರೆದವರು. ಅವರ ಗೆರೆ ನಂಬಿ ಕಣ್ಣುಮುಚ್ಚಿ ಗೋಡೆ ಎಬ್ಬಿಸಬಹುದು ಎಂದು ಮೇಸ್ತ್ರಿಗಳೇ ಹೇಳುತ್ತಿದ್ದರು. ಆಫೀಸಿನಲ್ಲಿ ಅವರಿಗೆ ‘ಸ್ಕೇಲು’ ಎಂದೇ ಹೆಸರು. ಆದರೆ ನಕ್ಷೆಯ ಮೂಲೆಯಲ್ಲಿನ ಸಹಿ ಮಾತ್ರ ಬಾಸ್‌ದು. ಕಾಲೇಜಿನ ಮೆಟ್ಟಿಲು ಹತ್ತದವರ ಸಹಿಗೆ ಬೆಲೆ ಎಲ್ಲಿಂದ ಬರಬೇಕು?

ಮೂವತ್ತೊಂಬತ್ತಾದಾಗ ಓದಬೇಕೆಂಬ ಹುಳ ತಲೆಗೆ ಹೊಕ್ಕಿತು. ಬೆಳಿಗ್ಗೆ ಕಾಲೇಜು, ಸಂಜೆ ಆಫೀಸು. ಮಗಳ ವಯಸ್ಸಿನ ಹುಡುಗಿಯರು ‘ಅಂಕಲ್, ಈ ಮೆಟ್ಟಿಲೊಂದು ಬರೆದುಕೊಡಿ’ ಎಂದು ದುಂಬಾಲು ಬೀಳುತ್ತಿದ್ದರು. ತರಗತಿಯಲ್ಲಿ ಮೇಷ್ಟ್ರು ಹೇಳುತ್ತಿದ್ದರು, ಭಾವ ಬರೆಯುತ್ತಿದ್ದರು, ಐದು ವರ್ಷ ನೀರು ಕುಡಿದಷ್ಟು ಸಲೀಸಾಗಿ ಕಳೆಯಿತು. ಕೊನೆಯ ವಿನ್ಯಾಸ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಮಕಾಡೆ ಮಲಗಿದರು. ವರ್ಷಕ್ಕೊಂದರಂತೆ ಇದ್ದದ್ದು ಮೂರೇ ಅವಕಾಶ.

ನನಗೆ ತಡೆಯಲಾಗಲಿಲ್ಲ. “ನಿಮ್ಮಷ್ಟು ಚೆನ್ನಾಗಿ ಬರೆಯೋರು ಯಾರಿದಾರೆ ಭಾವ? ಅಲ್ಲಿ ಏನಾಗುತ್ತೆ ನಿಮಗೆ?”

“ಗೋಡೆ ಬರೆದೆ. ಕಿಟಕಿ ಎಲ್ಲಿಡಲಿ ಅಂತ ಯಾರಾದ್ರೂ ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಗಂಟೆ ಹೊಡೀತು.”

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಯಾವ ಶರ್ಟು, ಯಾವ ಬಸ್ಸು ಎಂದು ದಿನಾ ಅವಳ ತಲೆ ತಿನ್ನುವ ಗಂಡ ಅದು. “ಇನ್ನು ಪರೀಕ್ಷೆವರೆಗೂ ಈ ಮನೇಲಿ ಎಲ್ಲಾ ನೀವೇ ಹೇಳ್ಬೇಕು. ನಾನು ಬಾಯಿ ಬಿಡಲ್ಲ,” ಎಂದಳು. ನಮ್ಮಕ್ಕ ಬಾಯಿ ಬಿಡದಿರುವುದೆಂದರೆ ಹುಡುಗಾಟವಲ್ಲ.

ಏನು ಅಡುಗೆ ಎಂದು ಹೇಳಲಾಗದೆ ಭಾವ ಎರಡು ದಿನ ಬ್ರೆಡ್ಡು ತಿಂದರು. ಮೂರನೇ ವಾರ ಧೈರ್ಯ ಮಾಡಿ, ಕೋಣೆಯ ಬೀರು ಹಜಾರಕ್ಕೆ ಬರಲಿ ಎಂದರು. ನಾವಿಬ್ಬರೂ ಏದುಸಿರು ಬಿಡುತ್ತಾ ತಳ್ಳಿದೆವು. ನೋಡಿದರೆ ಅಡುಗೆಮನೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಅಕ್ಕ ಓರೆಯಾಗಿ ನುಸುಳಿ ಹೊರಬಂದಳು, ತುಟಿ ಪಿಟಕ್ಕೆನ್ನಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು.

“ತಪ್ಪಾಯ್ತು,” ಎಂದರು ಕೊನೆಗೆ. “ಆ ಕಡೆ ತಳ್ಳೋಣ.”

ತಳ್ಳಿದೆವು. ನನ್ನ ಸೊಂಟ ಹಿಡಿದುಕೊಂಡದ್ದು ಬಿಟ್ಟರೆ ಪ್ರಪಂಚವೇನೂ ಮುಳುಗಲಿಲ್ಲ. ಭಾವ ಬೀರುವನ್ನೇ ನೋಡುತ್ತಾ, “ಅಷ್ಟೇನಾ?” ಎಂದರು.

ಮೂರನೇ ಸಲ ಪರೀಕ್ಷೆಯಲ್ಲಿ ಕೇಳಿದ್ದು ಒಂದು ಸಣ್ಣ ಆಸ್ಪತ್ರೆಯ ವಿನ್ಯಾಸ. ಸಂಜೆ ಅಕ್ಕನೂ ನಾನೂ ಗೇಟಿನ ಬಳಿ ಕಾಯುತ್ತಿದ್ದೆವು. ಹೊರಬಂದ ಭಾವನ ತೋಳಿಗೆಲ್ಲ ಪೆನ್ಸಿಲ್ ಮಸಿ ಮೆತ್ತಿತ್ತು. ಒಮ್ಮೆ ಬರೆದ ಗೆರೆ ಅಳಿಸಿದವರೇ ಅಲ್ಲ ಈ ಮನುಷ್ಯ. ಈ ಸಲವೂ ಹೋಯಿತು ಎಂದುಕೊಂಡೆ.

“ಆರು ಸಲ ಅಳಿಸಿದೆ,” ಎಂದರು. “ಕಾಗದ ತೂತಾಗೋದೊಂದು ಬಾಕಿ. ಡಾಕ್ಟರಿಗೆ ಕಾಯ್ತಾ ಕೂತವರಿಗೆ ಹೊರಗಿನ ಮರ ಕಾಣಬೇಕು ಅನ್ನಿಸ್ತು. ಕಿಟಕಿ ಅಲ್ಲಿಟ್ಟೆ.”

“ಯಾರನ್ನ ಕೇಳಿದ್ರಿ?” ಎಂದಳು ಅಕ್ಕ.

“ಕೇಳೋಕೆ ಯಾರಿದ್ರು?”

ತಿಂಗಳಾದ ಮೇಲೆ ಕಾಲೇಜಿನ ಗೋಡೆಗೆ ಫಲಿತಾಂಶದ ಪಟ್ಟಿ ಅಂಟಿಸಿದರು. ಭಾವ ಹತ್ತಿರಕ್ಕೇ ಬರಲಿಲ್ಲ. ಅಕ್ಕ ಬೆರಳಿಟ್ಟು ಹುಡುಕಿದಳು. ನಂಬರು ಸಿಕ್ಕಿತು. ಸಿಕ್ಕ ಮೇಲೂ ಬೆರಳು ತೆಗೆಯಲಿಲ್ಲ, ತೆಗೆದರೆ ಎಲ್ಲಿ ಹಾರಿಹೋಗುತ್ತದೋ ಎಂಬ ಹಾಗೆ. ಏಳು ವರ್ಷದಿಂದ ಮನೆಮಂದಿಯೆಲ್ಲ ಹೊತ್ತಿದ್ದ ಭಾರ ಒಂದೇ ಕ್ಷಣಕ್ಕೆ ಇಳಿಯಿತು. ನಾನಂತೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಭಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

“ಈಗ ಏನ್ಮಾಡ್ಲಿ?” ಎಂದು ಅಭ್ಯಾಸಬಲದಿಂದ ಅಕ್ಕನನ್ನು ಕೇಳಿದರು. ತಕ್ಷಣ ಕೈ ಅಡ್ಡ ಹಿಡಿದು, “ಇರು, ಹೇಳ್ಬೇಡ,” ಎಂದರು. ಬಹಳ ಹೊತ್ತು ಯೋಚಿಸಿದರು.

“ಬಾಸ್ ಹತ್ರ ಹೋಗಿ, ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ. ನಂದೇ ಒಂದು ಟೇಬಲ್ ಹಾಕ್ಕೋತೀನಿ.”

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಆಮೇಲೆ ಅವರ ಕಾಲರ್ ಸರಿಮಾಡಿ, “ಹೋಗಿ ಬನ್ನಿ,” ಎಂದಳು.